ಪೀರ್ ಬಾಷಾ ಸಾಬ್ರ ಜೊಂಡು

ನಮ್ಮ ಭದ್ರಾವತಿಯ ವಠಾರದಲ್ಲಿ ಪೀರ್ ಬಾಷಾ ಸಾಬ್ರಷ್ಟು ಕಮ್ಮಿ ಮಾತಾಡೋರು ಇನ್ನೊಬ್ಬರಿರಲಿಲ್ಲ. ಲಾರಿ ಮೆಕ್ಯಾನಿಕ್ಕು. ಹೆಂಡತಿ ವಜೀರಾ ತೀರಿಕೊಂಡ ಮೇಲಂತೂ ಬಾಯಿಗೆ ಬೀಗ. ನಾನೋ, ಬಾಯಿಬಡುಕಿ ದಾಕ್ಷಾಯಣಿ, ಗೋಡೆಯಾಚೆಯವಳು.

ವಜೀರಾ ಹೊಳಲೂರಿನವಳು, ಹೊಳೆದಂಡೆಯ ಜೊಂಡು ಕೊಯ್ದು ಚಾಪೆ ಹೆಣೆದು ಬೆಳೆದವಳು. ಹತ್ತು ಮನೆಯ ಬಚ್ಚಲ ನೀರು ಹಿತ್ತಿಲ ಬಾವಿ ಕಡೆಗೇ ಹರಿದು ಬಾವಿನೀರು ನಾರತೊಡಗಿದಾಗ, ನಡುವೆ ಮೂರು ಹೊಂಡ ತೋಡಿಸಿ ಜೊಂಡು ನೆಟ್ಟಳು. "ಏನ್ ಮಾರಾಯ್ತಿ, ಹುಲ್ಲು ನೀರು ತೊಳೆಯುತ್ತಾ?" ಅಂತ ನಕ್ಕಿದ್ದೆ. ವರ್ಷ ಕಳೆಯೋದರೊಳಗೆ ಮೊದಲ ಹೊಂಡಕ್ಕೆ ಬಿದ್ದ ಸೋಪಿನ ನೊರೆ ಮೂರನೆಯದರಲ್ಲಿ ಕಾಣದಾಯಿತು. ಬಾವಿಯ ವಾಸನೆಯೂ ಹೋಯಿತು.

ಅವಳು ಹೋದ ಮೇಲೆ ಸಾಬ್ರಿಗೆ ಉಳಿದದ್ದು ಆ ಹೊಂಡಗಳೇ. ಮಕ್ಕಳಿಲ್ಲ, ನೆಂಟರ ಸುಳಿವಿಲ್ಲ. ಕೆಲಸ ಮುಗಿಸಿ ಬಂದವರು ಹೊಂಡದ ಪಕ್ಕ ಕಲ್ಲಿನ ಮೇಲೆ ಒಬ್ಬರೇ ಕೂತಿರೋರು.

ಅರವತ್ತೆರಡನೇ ಇಸವಿಯ ಚಳಿಗಾಲ. ಹೊಂಡದಿಂದ ಸೊಳ್ಳೆ ಅಂತ ಯಾರೋ ಮುನ್ಸಿಪಾಲಿಟಿಗೆ ಅರ್ಜಿ ಹಾಕಿದ್ದರು. ತಿಂಗಳ ಕೊನೆಗೆ ಹೆಲ್ತ್ ಇನ್ಸ್‌ಪೆಕ್ಟರು ಬಂದು ನೋಡೋರಿದ್ದರು. ನೀರು ನಾರಿದರೆ ಹೊಂಡ ಮುಚ್ಚಿಸೋದೇ. ಸಾಬ್ರು ವಾರದ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದರು. ಚಳಿಗೆ ಜೊಂಡೆಲ್ಲ ಒಣಗಿ ಕಂದಾಗಿತ್ತು. ನೀರೇನೋ ತಿಳಿಯಾಗೇ ಇತ್ತು, ಆದರೆ ನೋಡೋಕೆ ಗಲೀಜು. ಪಾಪ, ಒಂಟಿ ಮನುಷ್ಯ, ನಾನೇ ಚೊಕ್ಕ ಮಾಡೋಣ ಅಂತ ಸೀರೆ ಎತ್ತಿಕಟ್ಟಿ ಇಳಿದೆ. ನೀರೊಳಗೆ ಕೈಹಾಕಿ ಬುಡಕ್ಕೇ ಕುಡುಗೋಲು ಹಾಕಿದೆ. ಒಂದು ಕಡ್ಡಿ ಮೇಲೆ ಕಾಣಬಾರದು, ಅಷ್ಟು ನೀಟು.

ಸಾಬ್ರು ಬಂದು, ನೀರಲ್ಲಿ ಕೈಯಿಳಿಸಿ ಕೊಯ್ದ ಬುಡ ಮುಟ್ಟಿ ನೋಡಿದರು.

"ನೀರಿನ ಮೇಲೆ ಒಂದು ಗೇಣು ಬಿಡಬೇಕಿತ್ತು ಅಕ್ಕ. ಒಣಗಿದ ಕಡ್ಡಿಯಲ್ಲೇ ಬೇರು ಉಸಿರಾಡುತ್ತೆ ಅಂತ ವಜೀರಾ ಹೇಳ್ತಿದ್ಲು."

ಅಷ್ಟೇ. ಬೈದಿದ್ದರೆ ನನಗೆಷ್ಟೋ ಸಮಾಧಾನ ಆಗ್ತಿತ್ತು.

ಹದಿನೈದೇ ದಿನದಲ್ಲಿ ಬೇರು ಕೊಳೆತು ನೀರು ಕಪ್ಪಾಯಿತು. ಇನ್ಸ್‌ಪೆಕ್ಟರು ಮೂಗು ಮುಚ್ಚಿಕೊಂಡು ಬಂದರು, ಹೊಂಡ ಮುಚ್ಚಿಸಿ ಅಂತ ಬರೆದು ಹಾಗೇ ಹೋದರು. "ತಪ್ಪು ನಂದು ಸ್ವಾಮಿ" ಅಂತ ಬಡಕೊಂಡೆ. ಯಾರು ಕೇಳ್ತಾರೆ?

ಮುಚ್ಚೋಕೆ ಆಳುಗಳು ಬಂದಾಗ ಸಾಬ್ರು ಅವರನ್ನು ತಡೆದರು. ಬಗ್ಗಿ, ಕೈಯಲ್ಲೇ ಒಂದು ಹಿಡಿ ಮಣ್ಣು ಹಾಕಿದರು. ಇನ್ನೊಂದು. ಮತ್ತೊಂದು. ಆಮೇಲೆ ಪಕ್ಕಕ್ಕೆ ಸರಿದು, ಹಾಕಿ ಅಂದರು.

ನನ್ನ ಪಕ್ಕದಲ್ಲಿದ್ದ ನಮ್ಮ ಯಜಮಾನರು ಮುಖ ತಿರುಗಿಸಿಕೊಂಡರು. ವಜೀರಾಳ ಮಣ್ಣಿಗೆ ಅವರು ಹೋಗಿದ್ದರು. "ಅವತ್ತೂ ಹೀಗೇ, ಮೂರು ಹಿಡಿ ಹಾಕಿದ್ದರು ಕಣೇ" ಅಂದರು.