ಊಟಕ್ಕೆ ಕರೆದವರು ಯಾರು?

ಹೋದ ಭಾನುವಾರ ಅಮೆರಿಕದ ಇತಿಹಾಸದಲ್ಲಿ ನಾನು ಫೇಲಾದೆ. ಫೇಲ್ ಮಾಡಿದವಳು ನಾಲ್ಕನೇ ಕ್ಲಾಸಿನ ನನ್ನ ಸೊಸೆ ಭಾಗ್ಯ. (ಸೊಸೆ ಅಂದರೆ ಅಣ್ಣನ ಮಗಳು ಮಾರಾಯ್ರೇ, ನನ್ನ ಮಗನಿಗಿನ್ನೂ ಮೀಸೆ ಬಂದಿಲ್ಲ!)

ಆಂಧ್ರದ ಗಡಿಯ ಆದೋನಿಯ ಕನ್ನಡ ಶಾಲೆಯೊಂದಕ್ಕೆ ಯಾರೋ ಪುಣ್ಯಾತ್ಮರು ಒಂದು ಪೆಟ್ಟಿಗೆ ಮಕ್ಕಳ ಪುಸ್ತಕ ಕೊಟ್ಟಿದ್ದಾರೆ. "ಓದಿ ಅಭಿಪ್ರಾಯ ಬರದುಕೊಡ್ರಿ ಮೇಡಂ. ನೀವು ಬ್ಯಾಡ ಅಂದಿದ್ದನ್ನ ಕಪಾಟಿನ್ಯಾಗ ಇಡಂಗಿಲ್ಲ" ಅಂದರು ಹೆಡ್‌ಮಾಸ್ತರು. ಚಿತ್ರದ ಪುಸ್ತಕ ಓದಿ ದೊಡ್ಡವಳೆನಿಸಿಕೊಳ್ಳುವ ಭಾಗ್ಯ ಯಾರಿಗುಂಟು? ಕೂತೆ.

ಒಂದು ಪುಸ್ತಕ ಹಳೇ ಅಮೆರಿಕದ್ದು. ಜನ ಹಡಗಿನಲ್ಲಿ ಬಂದಿಳಿಯುತ್ತಾರೆ. ಚಳಿ, ಹಸಿವು. ಅಲ್ಲಿಯ ಮೂಲನಿವಾಸಿಗಳು ಅವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸುತ್ತಾರೆ. ಬೆಳೆ ಬರುತ್ತದೆ. ಹಡಗಿನವರು ಅಡುಗೆ ಮಾಡಿ ಮೂಲನಿವಾಸಿಗಳನ್ನು ಊಟಕ್ಕೆ ಕರೆಯುತ್ತಾರೆ. ಮುಗಿಯಿತು. "ಸ್ನೇಹದ ಸುಂದರ ಕಥೆ, ಇಡಬಹುದು" ಎಂದು ಬರೆದೇಬಿಟ್ಟೆ.

ಚಿಪ್ಪಗಿರಿ ಕಡೆಯ ಹಳ್ಳಿಯಿಂದ ರಜೆಗೆ ಬಂದಿದ್ದ ಭಾಗ್ಯ ಅದನ್ನೇ ಗಟ್ಟಿಯಾಗಿ ಓದುತ್ತಿದ್ದಳು. ಊಟದ ಚಿತ್ರ ಬಂದಾಗ ನಿಂತಳು.

"ಅತ್ತಿ, ಹೊಲ ಯಾರದು?"

"ಮೊದಲಿಂದ ಅಲ್ಲಿದ್ದವರದು."

"ಬೀಜ?"

"ಅದೂ ಅವರದೇ."

"ಮತ್ತ ಊಟಕ್ಕ ಇವರು ಹೆಂಗ ಕರದರು? ಹೊಲದೋರು ಕರೀಬೇಕಲ್ಲ!"

ಅವಳ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂಮಿಗೆ ಚರಗ ಚೆಲ್ಲಿ, ಅಂದರೆ ಅನ್ನದ ಪಾಲು ಕೊಟ್ಟು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಉಣ್ಣಿಸುತ್ತೇವೆ. ಕರೆಯುವ ಹಕ್ಕು ಹೊಲದವರದು. "ಬರ್ರಿ, ಉಂಡು ಹೋಗ್ರಿ" ಎಂದು ಬದುವಿನ ಮೇಲೆ ನಿಂತು ಕೂಗುವ ಕೆಲಸ ಅಣ್ಣನ ಮನೆಯಲ್ಲಿ ಭಾಗ್ಯಳದ್ದೇ. ಆ ಕೂಗಿಗೆ ಬಸ್ಸೂ ನಿಲ್ಲಬೇಕು!

"ಕೌಲಿಗೆ ಕೊಟ್ಟಿದ್ರೇನು?" ಎಂದಳು.

ಕೌಲು, ಅಂದರೆ ಗುತ್ತಿಗೆ. ಈ ಮಾತು ಆ ಮನೆಗೆ ಹೊಸದಾಗಿ ಬಂದಿದೆ. ಅಣ್ಣ ಈ ವರ್ಷ ಇದ್ದ ಹೊಲವನ್ನೆಲ್ಲ ಸೋಲಾರ್ ಕಂಪನಿಯೊಂದಕ್ಕೆ ಕೌಲಿಗೆ ಕೊಟ್ಟಿದ್ದಾನೆ. ಸುತ್ತ ತಂತಿಬೇಲಿ, ಗೇಟಿಗೊಬ್ಬ ವಾಚ್‌ಮನ್.

"ಇಲ್ಲವ್ವ, ಕೌಲು ಗೀಲು ಏನಿಲ್ಲ."

"ಆಮ್ಯಾಲ ಆ ಹೊಲ ಏನಾತು?"

ಪುಟ ತಿರುಗಿಸಿದೆ. ಪುಸ್ತಕ ಊಟಕ್ಕೇ ಮುಗಿದಿತ್ತು. ಮಕ್ಕಳ ಪುಸ್ತಕ ಬರೆಯುವವರು ಕೈತೊಳೆಯುವ ಹೊತ್ತಿಗೇ ಯಾಕೆ ಎದ್ದು ಹೋಗುತ್ತಾರೋ! ಮಗುವಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಬರಬರುತ್ತಾ ಹಡಗಿನವರ ಪಾಲಾಯಿತು. ಕೆಲವು ಕಡೆ ಕಾಗದದ ಮೇಲೆ ಬರೆಸಿಕೊಂಡು, ಕೆಲವು ಕಡೆ ಬಂದೂಕು ಹಿಡಿದು."

ನಾನು ಬರೆದಿದ್ದ "ಸುಂದರ ಕಥೆ"ಯನ್ನು ಹೊಡೆದುಹಾಕಿದೆ. "ಕಪಾಟಿನಲ್ಲಿ ಇಡಿ. ಆದರೆ ಊಟದ ನಂತರ ಏನಾಯಿತೆಂದು ಮಕ್ಕಳಿಗೆ ಹೇಳಿ" ಎಂದು ಬರೆದೆ. ಸಮಾಧಾನವಾಯಿತು. ನನಗೆ ಮಾತ್ರ.

ಭಾಗ್ಯ ಇನ್ನೂ ಆ ಚಿತ್ರವನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತಿ, ಈ ಸಲ ಎಳ್ಳಮಾಸಿಗೆ ಸೋಲಾರಿನೋರು ನಮ್ಮನ್ನ ಒಳಗ ಕರೀತಾರೇನು?"