ಏಳನೇ ಬೆರಳು

ಮನೆಯಲ್ಲಿ ಅವಳನ್ನು ಚುರುಕಿ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ದೊಡ್ಡಪ್ಪ, ಆಗ ಅವಳಿಗೆ ಮೂರು ತಿಂಗಳು. ಮಗುವಿನ ಗುಣ ತಿಳಿಯುವ ಮೊದಲೇ ಹೆಸರಿಟ್ಟರೆ ಹೀಗೇ ಆಗುವುದು. ದೊಡ್ಡಪ್ಪನ ಕನ್ನಡಕ ರಿಪೇರಿಯಾಗಿ ಅಂಗಡಿಯಲ್ಲಿ ಬಿದ್ದು ಆರು ದಿನವಾಗಿತ್ತು. ತರಬೇಕಾದವಳು ಚುರುಕಿ. ಅಮ್ಮ ಬರೆದುಕೊಡುವ ಚೀಟಿಯಲ್ಲಿ ಅದೇ ಮೊದಲ ಸಾಲು. ಆರು ದಿನವೂ ಅವಳು ಎರಡನೆಯ ಸಾಲಿನಿಂದ ಶುರುಮಾಡಿದ್ದಳು.

ದೊಡ್ಡಪ್ಪ ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ಕೆಂಪು ಪೆನ್ನಿಗೆ ಮಾತ್ರ ತಲುಪಿರಲಿಲ್ಲ. ದಿನಪತ್ರಿಕೆ, ಔಷಧದ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುತ್ತಿದ್ದರು. ಕನ್ನಡಕವಿಲ್ಲವೆಂದು ನಿಲ್ಲಿಸಲೂ ಇಲ್ಲ. ಕಣ್ಣು ಕಾಣದಿದ್ದರೆ ತಪ್ಪುಗಳು ಇನ್ನೂ ಹೆಚ್ಚು ಸಿಗುತ್ತವೆ. ದಿನಾ ಬೆಳಗ್ಗೆ ಚುರುಕಿಗೆ ಅವರ ಪಾಠ. ಉತ್ತರ ಸರಿಯಿದ್ದರೆ ಅಕ್ಷರ ಸರಿಯಿಲ್ಲ, ಅಕ್ಷರ ಸರಿಯಿದ್ದರೆ ಮಾರ್ಜಿನ್ ಸೊಟ್ಟ.

ಅಂದು ಅವಳ ಮನಸ್ಸು ಲೆಕ್ಕದಲ್ಲಿ ಇರಲಿಲ್ಲ. ಸಂಜೆ ಪಿಯಾನೊ ಟೀಚರ್ ಮುಂದೆ ಒಂದು ಪುಟವನ್ನು ಎಲ್ಲೂ ನಿಲ್ಲದೆ ನುಡಿಸಬೇಕಿತ್ತು. ನಿಂತರೆ ತರಗತಿಯಲ್ಲಿ ಅವಳ ಜಾಗ ಮತ್ತೊಬ್ಬಳ ಪಾಲು. ಮನೆಯಲ್ಲಿ ಪಿಯಾನೊ ಇಲ್ಲ; ತಿಂಗಳಿಡೀ ಊಟದ ಮೇಜಿನ ಅಂಚು ಕುಟ್ಟಿ ಅಮ್ಮನಿಗೆ ತಲೆನೋವು ತರಿಸಿದ್ದಳು. ಪುಟದಲ್ಲಿ ಐದೈದು ಗೆರೆಗಳ ಮೇಲೆ ಚುಕ್ಕೆಗಳಾಗಿ ಕೂತ ಸ್ವರಗಳಲ್ಲಿ ಯಾವುದಕ್ಕೆ ಯಾವ ಬೆರಳೆಂದು ಚುಕ್ಕೆ ಚುಕ್ಕೆಯ ಮೇಲೂ ಪೆನ್ಸಿಲಿನಲ್ಲಿ ಅಂಕಿ ಬರೆದುಕೊಂಡಿದ್ದಳು: ಹೆಬ್ಬೆರಳಿಗೆ ಒಂದು, ಕಿರುಬೆರಳಿಗೆ ಐದು. ಅಮ್ಮನಿಗೋ ಶಿಸ್ತೆಂದರೆ ಪ್ರಾಣ. ಲೆಕ್ಕದ ಪುಸ್ತಕಕ್ಕೂ ಪಿಯಾನೊ ಪುಸ್ತಕಕ್ಕೂ ಒಂದೇ ಕಂದು ಕಾಗದದ ಹೊದಿಕೆ ಹಾಕಿದ್ದಳು.

ಸಂಜೆ ಟೈಲರ್ ಹತ್ತಿರ ಅಪ್ಪನ ಪ್ಯಾಂಟು, ಮೂಲೆಯಂಗಡಿಯಲ್ಲಿ ಸಾಬೂನು, ಕೊನೆಗೂ ಕನ್ನಡಕ. ಅಂಗಡಿಯವನು ಅದನ್ನು ಒರೆಸಿಕೊಡುತ್ತಾ, ದೊಡ್ಡಪ್ಪ ಇನ್ನೂ ಇದ್ದಾರೆ ತಾನೇ ಎಂದು ವಿಚಾರಿಸಿದ.

ಅಲ್ಲಿಂದ ಟೀಚರ್ ಮನೆಗೆ ಹೋಗಿ, ಪಿಯಾನೊ ಮುಂದೆ ಕೂತು ಪುಟ ತೆರೆದರೆ ಎಲ್ಲೆಲ್ಲೂ ಕೆಂಪು. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ದೊಡ್ಡಪ್ಪ ಲೆಕ್ಕವೆಂದು ಇದನ್ನು ತಿದ್ದಿದ್ದರು. ಗೆರೆ, ಚುಕ್ಕೆಗಳು ಅವರಿಗೆ ಗ್ರಾಫಿನಂತೆ ಕಂಡಿರಬೇಕು. ಒಂದು, ಮೂರು, ಐದು ಆದಮೇಲೆ ಎರಡು ಬರೆದವಳ ಬುದ್ಧಿಗೆ ಮರುಗಿ, ಎರಡನ್ನು ಹೊಡೆದುಹಾಕಿ ಏಳು ಮಾಡಿದ್ದರು. ಕೆಳಗೆ ‘ಗಮನವಿಲ್ಲ’ ಎಂಬ ಷರಾ ಬೇರೆ.

ಬೆರಳಿಗೆ ದಾರಿ ಗೊತ್ತಿತ್ತು. ಆದರೆ ಐದನೆಯ ವಯಸ್ಸಿನಿಂದ ಕೆಂಪು ಶಾಯಿಗೆ ತಲೆಬಾಗಿದ ಕಣ್ಣು ಕೇಳಬೇಕಲ್ಲ. ನಾಲ್ಕನೇ ಸ್ವರಕ್ಕೇ ಕೈ ನಿಂತಿತು.

ಟೀಚರ್ ಪುಟ ನೋಡಿದರು. “ಏಳನೇ ಬೆರಳು ಎಲ್ಲಮ್ಮಾ?”

ದೊಡ್ಡಪ್ಪನ ಮೇಲೆ ಉರಿದುಬಿದ್ದಳು, ಮನಸ್ಸಿನಲ್ಲೇ. ಆದರೆ ಕನ್ನಡಕ ಅವಳ ಚೀಲದಲ್ಲೇ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು. ನಾಚಿಕೆಯಿಂದ ಅಳುತ್ತಾ ಎಲ್ಲ ಹೇಳಿ, “ತಪ್ಪು ನಂದೇ ಮಿಸ್” ಎಂದಳು. ಟೀಚರ್ ಕರುಣೆಗೆ ಹೆಸರಾದವರಲ್ಲ. ಆದರೆ ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಇಂಥ ನೆವ ಕೇಳಿರಲಿಲ್ಲ. ಶನಿವಾರ ಶುದ್ಧ ಪ್ರತಿ ತಂದು ನುಡಿಸು, ಇಲ್ಲವಾದರೆ ಬರಲೇಬೇಡ ಎಂದರು.

ಮನೆಯಲ್ಲಿ ದೊಡ್ಡಪ್ಪ ಕನ್ನಡಕ ಏರಿಸಿ ಪುಟವನ್ನು ಬಹಳ ಹೊತ್ತು ನೋಡಿದರು.

“ಇದು ಲೆಕ್ಕ ಅಲ್ವೇನೇ?”

“ಅಲ್ಲ, ದೊಡ್ಡಪ್ಪ.”

ಅವರ ಮುಖ ಸಣ್ಣದಾಯಿತು. ತಪ್ಪು ಒಪ್ಪಿಕೊಂಡ ಇತಿಹಾಸ ಅವರಿಗಿಲ್ಲ, ಅಂದೂ ಒಪ್ಪಲಿಲ್ಲ. ಬಿಳಿ ಹಾಳೆ, ಸ್ಕೇಲು ತಂದು ಐದೈದು ಗೆರೆ ಎಳೆಯುತ್ತಾ ಕೂತರು. ಒಂದೂ ಸೊಟ್ಟವಿರಲಿಲ್ಲ. ಚುಕ್ಕೆ, ಅಂಕಿಗಳನ್ನು ಚುರುಕಿ ಇಟ್ಟಳು.

ಶನಿವಾರ ಆ ಹಾಳೆ ನೋಡಿ ನಿಲ್ಲದೆ ನುಡಿಸಿ ಜಾಗ ಉಳಿಸಿಕೊಂಡಳು. ಮನೆಗೆ ಬಂದವಳೇ ಹಳೆಯ ಪುಟ ತೆಗೆದು, ದೊಡ್ಡಪ್ಪನ ಜೇಬಿನಿಂದ ಕೆಂಪು ಪೆನ್ನು ಎಳೆದು, ‘ಗಮನವಿಲ್ಲ’ ಎಂಬುದರ ಮುಂದೆ ‘ಇಬ್ಬರಿಗೂ’ ಎಂದು ಬರೆದು ಅವರ ಮುಂದಿಟ್ಟಳು.

ದೊಡ್ಡಪ್ಪ ಓದಿದರು. ಅಕ್ಷರದ ಬಗ್ಗೆ, ಮಾರ್ಜಿನ್ ಬಗ್ಗೆ ತುಟಿ ಬಿಚ್ಚಲಿಲ್ಲ. ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದರು. ಹನ್ನೊಂದು ವರ್ಷದ ಬಾಳಿನಲ್ಲಿ ತಕರಾರಿಲ್ಲದೆ ಅವಳಿಗೆ ಸಿಕ್ಕ ಮೊದಲನೆಯದು.