ಊಟ ಆಯಿತಾ ಎಂದು ಕೇಳುವ ಷೇರು ಸಲಹೆಗಾರ

ಸ್ನೇಹಿತರೇ, ಇವತ್ತು ಗಡಿನಾಡಿನ ಹೊಸಂಗಡಿಯ ಮಹಿಳಾ ಸಂಘವೊಂದರಲ್ಲಿ ಷೇರು ವಂಚನೆಯ ಬಗ್ಗೆ ತರಗತಿ ತೆಗೆದುಕೊಂಡು ಸೋತು ಬಂದೆ.

ಷೇರುಪೇಟೆಯನ್ನು ನಿಯಂತ್ರಿಸುವ ಕೇಂದ್ರದ ಸಂಸ್ಥೆಯೊಂದಿದೆ, ಅದರಲ್ಲಿ ನೋಂದಾಯಿಸಿಕೊಳ್ಳದವರು ಹೂಡಿಕೆಯ ಸಲಹೆ ಕೊಡುವಂತಿಲ್ಲ, ದುಡ್ಡು ಹಾಕುವ ಮೊದಲು ಪಟ್ಟಿಯಲ್ಲಿ ಹೆಸರು ನೋಡಿ ಎಂದು ಒಂದು ಗಂಟೆ ಹೇಳಿದೆ. ಹಂಚಲು ನನಗೆ ಕೊಟ್ಟಿದ್ದ ಕರಪತ್ರ ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕೂತವರೆಲ್ಲ ಕನ್ನಡ ಶಾಲೆಯಲ್ಲಿ ಓದಿದವರು.

ಮುಗಿದ ಮೇಲೆ ನಿವೃತ್ತ ಅಂಗನವಾಡಿ ಟೀಚರ್ ಲೀಲಕ್ಕ ಮೊಬೈಲ್ ತೋರಿಸಿದರು. ಅವರಿಗೂ ಒಬ್ಬ ಸಲಹೆಗಾರ ಇದ್ದಾನೆ. ನಿವೃತ್ತಿಯ ಹಣದಲ್ಲಿ ಅರ್ಧ ಆಗಲೇ ಅವನ ಕೈ ಸೇರಿದೆ, ಉಳಿದರ್ಧ ನಾಳೆ. ಪಟ್ಟಿಯಲ್ಲಿ ಹುಡುಕಿದೆ, ಅವನ ಹೆಸರಿಲ್ಲ.

“ಲೀಲಕ್ಕ, ಇವನು ಕಳ್ಳ. ಇನ್ನು ಒಂದು ರೂಪಾಯಿಯೂ ಹಾಕಬೇಡಿ.”

“ಎಂತ ಕಳ್ಳ ಮಾರಾಯ್ರೆ, ಚಂದ ತುಳು ಮಾತಾಡ್ತಾನೆ. ದಿನಾ ಊಟ ಆಯ್ತಾ ಕೇಳ್ತಾನೆ. ನೀವು ಹೇಳಿದ ಸಂಸ್ಥೆಯವರು ಒಂದು ದಿನ ಕೇಳಿದ್ದುಂಟಾ?”

ನನ್ನ ಸ್ವರ ಏರಿತು. “ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದ್ರೆ ಎಂತ ಅರ್ಥ, ನೀವೇ ಹೇಳಿ.”

“ನೋಡಿ, ನಿಮಗೆ ಈಗಲೇ ಸಿಟ್ಟು ಬಂತು. ಅವನಿಗೆ ಇಷ್ಟು ದಿನದಲ್ಲಿ ಒಮ್ಮೆಯೂ ಬರಲಿಲ್ಲ.”

ಅಷ್ಟರಲ್ಲಿ ಅವರ ಮೊಬೈಲ್ ಸದ್ದು ಮಾಡಿತು. “ವಣಸ್ ಆಂಡಾ ಅಕ್ಕ?” ಅವನೇ, ಅದೇ ಊಟದ ವಿಚಾರಣೆ. ಲೀಲಕ್ಕ ಕರಪತ್ರ ಬೆಂಚಿನ ಮೇಲಿಟ್ಟು, ಕನ್ನಡಕ ಏರಿಸಿಕೊಂಡು ಉತ್ತರ ಬರೆಯತೊಡಗಿದರು.

ಗಂಟೆ ಎರಡಾಗಿತ್ತು. ನನ್ನದು ಊಟ ಆಗಿರಲಿಲ್ಲ. ಯಾರೂ ಕೇಳಲಿಲ್ಲ.